ತೂಬು ಎತ್ತಿದ ಹೆಂಗಸರು

ಮಾರ್ಚ್ 3, ಸೋಮವಾರ

ಈ ಡೈರಿಯನ್ನು ದಾರ, ಗುಂಡಿ ಮಾರುವ ಅಂಗಡಿಯವನು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟಿದ್ದ. ಇಲ್ಲಿಯವರೆಗೆ ಗಿರಾಕಿಗಳ ಸೊಂಟ, ತೋಳು, ಉದ್ದ ಬರೆದುಕೊಳ್ಳಲು ಬಳಸಿದೆ. ಇವತ್ತು ನನ್ನ ವಿಷಯ ಬರೆಯಲು ಕೂತಿದ್ದೇನೆ, ಯಾಕೆಂದರೆ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ. ಅಮ್ಮ ಇದ್ದಾಳೆ ನಿಜ. ಅವಳ ಹತ್ತಿರ ಕಷ್ಟ ಹೇಳಿಕೊಂಡರೆ ಕೊನೆಗೆ ನಾನೇ ಅವಳಿಗೆ ಸಮಾಧಾನ ಹೇಳಬೇಕಾಗುತ್ತದೆ.

ಶನಿವಾರ ಸಂಜೆ ಅಮ್ಮನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗ ತಮ್ಮನ ಕಾರು ಒಬ್ಬ ಸೈಕಲ್ಲಿನವನಿಗೆ ಬಡಿಯಿತು. ಓಡಿಸುತ್ತಿದ್ದವನು ತಮ್ಮ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಫೋನು. ನಾನು ಅಮ್ಮನ ಜೊತೆ ಹಿಂದೆ ಇದ್ದೆ. ಸದ್ದಿಗೆ ತಲೆ ಎತ್ತುವಷ್ಟರಲ್ಲಿ ಆ ಮನುಷ್ಯ ಚರಂಡಿಯ ಪಕ್ಕ ಬಿದ್ದಿದ್ದ, ಅವನ ಡಬ್ಬದಲ್ಲಿದ್ದ ಬನ್ನುಗಳು ರಸ್ತೆ ತುಂಬ ಚೆಲ್ಲಿದ್ದವು. ಬೇಕರಿಯಲ್ಲಿ ಕೆಲಸ ಮಾಡುವವನಂತೆ. ತಲೆಗೆ ಪೆಟ್ಟು ಬಿದ್ದು ಇನ್ನೂ ಪ್ರಜ್ಞೆ ಬಂದಿಲ್ಲ.

ಸುತ್ತಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಪೊಲೀಸರು ಬರುವ ಮುಂಚೆ ತಮ್ಮ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದ. "ಅಕ್ಕಾ, ನೀನು ಓಡಿಸ್ತಿದ್ದೆ ಅಂತ ಹೇಳ್ಬಿಡು. ನನ್ನ ಲೈಸೆನ್ಸ್ ಹೋದ್ರೆ ಬಸ್ಸಿನ ಕೆಲಸಾನೂ ಹೋಗುತ್ತೆ. ನಿಂಗೇನು, ಲೈಸೆನ್ಸ್ ಇಟ್ಕೊಂಡು ಹೊಲಿಗೆ ಹಾಕ್ತೀಯಾ?" ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಹೇಳಿದೆ. ಕೆಮ್ಮುತ್ತಾ ಬರೆದುಕೊಳ್ಳುವ ಒಬ್ಬ ಅಧಿಕಾರಿ ಬರೆದುಕೊಂಡರು, ನಾನು ಸಹಿ ಹಾಕಿದೆ. ದಂಡ ಬೀಳಬಹುದು, ತಮ್ಮ ಕಟ್ಟುತ್ತಾನೆ. ಹೋಗಲಿ, ಅವನಿಗೆ ಇಬ್ಬರು ಮಕ್ಕಳಿದ್ದಾರೆ.

ಆ ಅಪಘಾತ ಆದಮೇಲೆ ಅಮ್ಮನಿಗೆ ಒಂದು ಹೊಸ ಹುಚ್ಚು ಹಿಡಿದಿದೆ. ತನ್ನ ತಾಯಿ, ಅಂದರೆ ನನ್ನ ಅಜ್ಜಿ, ಎಲ್ಲಿ ಹೇಗೆ ಸತ್ತಳು ಅಂತ ಗೊತ್ತಾಗಬೇಕಂತೆ. ಅಜ್ಜಿ ಕಾಲುವೆ ಬಯಲಿನಲ್ಲಿ ಗೇಣಿ ಜಮೀನು ಉಳುತ್ತಿದ್ದ ಮನೆಯವಳು. ಅಮ್ಮನಿಗೆ ಏಳು ವರ್ಷವಾಗಿದ್ದಾಗ ಮನೆ ಬಿಟ್ಟು ಓಡಿಹೋದಳು ಎಂಬುದು ನಾವು ಕೇಳಿಕೊಂಡೇ ಬೆಳೆದ ಮಾತು. ಅಮ್ಮ ಅವಳ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ, "ಆ ಹೆಂಗಸು" ಅನ್ನುತ್ತಾಳೆ.

"ಡಾಕ್ಟರು ನನ್ನ ಎದೆ ಮೇಲೆ ಭರವಸೆ ಇಟ್ಕೋಬೇಡಿ ಅಂದಿದ್ದಾರೆ. ಮೇಲೆ ಹೋದ್ಮೇಲೆ ಆ ಹೆಂಗಸು ಎದುರಾದ್ರೆ ನಾನೇನು ಮಾತಾಡ್ಲಿ? ಯಾವನ ಜೊತೆ ಹೋದ್ಲು ಅಂತಾದ್ರೂ ಗೊತ್ತಿರಬೇಕಲ್ಲ" ಅಂದಳು. ಜಗಳಕ್ಕೂ ಮುಂಚೆಯೇ ತಯಾರಿ ಮಾಡಿಕೊಂಡು ಹೋಗುವವಳು ನಮ್ಮಮ್ಮ.

ಮಾರ್ಚ್ 6, ಗುರುವಾರ

ಹಳೆ ದಾಖಲೆಗಳ ಕಚೇರಿಗೆ ಹೋಗಿದ್ದೆ. ನ್ಯಾಯಾಲಯದ ಹಿಂದೆ, ಅರ್ಧ ನೆಲದೊಳಗೆ ಇಳಿದಿರುವ ಕಟ್ಟಡ. ಗೋಡೆಗೆ ತೇವ, ಕಿಟಕಿಯಲ್ಲಿ ದಾರಿಹೋಕರ ಕಾಲು ಮಾತ್ರ ಕಾಣುತ್ತದೆ. ಅಲ್ಲಿಯ ಮೇಡಂ ನನ್ನನ್ನು ನೋಡಿದವರೇ "ಕೈ ತೊಳ್ಕೊಂಡ್ರಾ?" ಅಂದರು. ತೊಳೆದು ಬಂದೆ. "ಒರೆಸ್ಕೊಂಡ್ರಾ?" ಅಂದರು. ಪೆನ್ನು ತೆಗೆದರೆ ಕಸಿದುಕೊಂಡು ಪೆನ್ಸಿಲ್ ಕೊಟ್ಟರು. ಇವರಿಗೆ ನಾನು ಕೈತೊಳಿ ಮೇಡಂ ಎಂದು ಹೆಸರಿಟ್ಟಿದ್ದೇನೆ.

ಅಜ್ಜಿಯ ಮದುವೆಯ ದಾಖಲೆ ಸಿಕ್ಕಿತು. ವಯಸ್ಸು ಹದಿನೇಳು, ಕಸುಬು "ಹೊಲದ ಕೆಲಸ", ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಆಮೇಲೆ ಜನನದ ಪುಸ್ತಕ. ಒಂದು ಗಂಡು, ಹೋಯಿತು. ಒಂದು ಹೆಣ್ಣು, ಅದೂ ಹೋಯಿತು. ಆಮೇಲೆ ಅಮ್ಮ. ಅಮ್ಮನ ಬೆನ್ನಿಗೆ ಬಹಳ ವರ್ಷ ಬಿಟ್ಟು ಇನ್ನೊಂದು ಗಂಡು. ಅಮ್ಮನಿಗೆ ಬೆನ್ನಿಗೆ ಬಿದ್ದ ತಮ್ಮನೊಬ್ಬನಿದ್ದ ಎಂದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಕೇಳಿದೆ. ಅಮ್ಮ ಗೋಡೆಯ ಕಡೆ ತಿರುಗಿ, "ಅವನನ್ನೂ ಎತ್ಕೊಂಡೇ ಹೋದ್ಲು. ನನ್ನನ್ನ ಬಿಟ್ಲು" ಅಂದಳು.

ಮಾರ್ಚ್ 11, ಮಂಗಳವಾರ

ಮೂರು ಪ್ಯಾಂಟಿಗೆ ಜಿಪ್ಪು, ಒಂದು ಕೋಟಿಗೆ ಒಳಬಟ್ಟೆ. ಬೆರಳಿಗೆ ಸೂಜಿ ಚುಚ್ಚಿಕೊಂಡಿದೆ.

ಮಧ್ಯಾಹ್ನ ಠಾಣೆಗೆ ಕರೆದಿದ್ದರು. ಕೆಮ್ಮಿನ ಸಾಹೇಬರು ತಮ್ಮನ ಹೇಳಿಕೆ ಓದಿ ಹೇಳಿದರು. "ನಿಧಾನಕ್ಕೆ ಹೋಗು ಎಂದು ನಾನು ಅಕ್ಕನಿಗೆ ಎರಡು ಮೂರು ಸಲ ಹೇಳಿದೆ, ಅವಳು ಕೇಳಲಿಲ್ಲ." ನಾನು ಸಾಹೇಬರ ಮುಖ ನೋಡಿದೆ. "ಹೌದೇನಮ್ಮ?" ಅಂದರು. ಹೌದು ಅಂದೆ.

ಸಂಜೆ ತಮ್ಮನಿಗೆ ಕೇಳಿದರೆ, "ಏನಕ್ಕಾ, ಸ್ವಲ್ಪ ಉಪ್ಪು ಖಾರ ಹಚ್ಚದಿದ್ರೆ ಯಾರು ನಂಬ್ತಾರೆ? ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ ಅಂದ್ರೆ ನನ್ನ ಮೇಲೂ ಬರುತ್ತೆ" ಅಂದ. ಅದೂ ಸರಿಯೇ ಇರಬಹುದು. 

ಮಾರ್ಚ್ 12, ಬುಧವಾರ

ಬುಧವಾರಗಳಂದು ತಮ್ಮನ ಮಕ್ಕಳನ್ನು ಶಾಲೆಯಿಂದ ಕಾರಿನಲ್ಲಿ ಕರೆದುಕೊಂಡು ಬರುವುದು ನನ್ನ ಪಾಲಿನ ಕೆಲಸ. ಇವತ್ತು ಬೀಗದ ಕೈ ಕೇಳಲು ಹೋದರೆ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು, "ಬೇಡ ಬಿಡಿ ಅತ್ತಿಗೆ, ಮಕ್ಕಳು ಹೆದರ್ತಾರೆ" ಅಂದಳು. ಯಾಕೆ ಹೆದರುತ್ತಾರೆ ಎಂದು ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಗೊತ್ತಾಯಿತು. ತಮ್ಮ ಅವಳಿಗೂ ನಿಜ ಹೇಳಿಲ್ಲ. ಒಳಗಿನಿಂದ ಚಿಕ್ಕವಳು "ಅತ್ತೆ ಬಂದ್ರಾ?" ಎಂದು ಕೂಗಿದಳು. "ಇಲ್ಲ" ಅಂದಳು ಅವಳ ತಾಯಿ, ನನ್ನ ಮುಖ ನೋಡಿಕೊಂಡೇ.

 ಅಲ್ಲಿಂದ ಸೀದಾ ದಾಖಲೆ ಕಚೇರಿಗೆ ಹೋದೆ, ಮನೆಗೆ ಹೋಗುವ ಮನಸ್ಸಾಗಲಿಲ್ಲ.

ಕಾಲುವೆ ಬಯಲಿನ ನ್ಯಾಯಾಲಯದ ಪುಸ್ತಕದಲ್ಲಿ ಅಜ್ಜಿಯ ಹೆಸರಿದೆ. ನೀರು ಕದ್ದ ಆರೋಪ. ತನ್ನ ಸರದಿ ಅಲ್ಲದ ದಿನ ಕಾಲುವೆಯ ತೂಬಿನ ಹಲಗೆ ಎತ್ತಿ ಹೊಲಕ್ಕೆ ನೀರು ಬಿಟ್ಟುಕೊಂಡಳಂತೆ. ಮೊದಲ ಸಲ ದಂಡ. ಮರುವರ್ಷ ಎರಡು ವಾರ ಸೆರೆ. ಅದರ ಮರುವರ್ಷ ಆರು ತಿಂಗಳು. ಮೂರು ಸಲವೂ "ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ" ಎಂದಿದೆ.

ಅಮ್ಮನಿಗೆ ಹೇಳಿದರೆ ಅವಳು ಆಶ್ಚರ್ಯಪಡಲಿಲ್ಲ. "ಕಳ್ಳಿ ಅನ್ನೋದು ಊರಿಗೇ ಗೊತ್ತಿತ್ತು. ಜೈಲಿಂದ ಬಿಟ್ಮೇಲೆ ಮನೆಗೆ ಬರೋದಲ್ವಾ? ಅದು ಯಾಕೆ ಬರಲಿಲ್ಲ ಅಂತ ಹುಡುಕು" ಅಂದಳು.

ಮಾರ್ಚ್ 18, ಮಂಗಳವಾರ

ಇವತ್ತು ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಅಜ್ಜಿಯ ಹೆಸರಿದ್ದ ಪುಟದಲ್ಲಿ ನೀರು ಕದ್ದವರೆಲ್ಲ ಹೆಂಗಸರೇ. ಹಿಂದಿನ ಪುಟ ತಿರುಗಿಸಿದೆ, ಹೆಂಗಸರು. ಹಿಂದಿನ ವರ್ಷದ್ದು ತರಿಸಿದೆ, ಅದರಲ್ಲೂ ಹೆಂಗಸರು. ಎಲ್ಲರೂ ಗಂಡ ಇದ್ದವರು, ಎಲ್ಲರೂ ತಪ್ಪೊಪ್ಪಿಕೊಂಡವರು. ಆ ತೂಬಿನ ಹಲಗೆ ಎಂಥದು ಎಂದು ನನಗೆ ಗೊತ್ತು, ಸಣ್ಣವಳಿದ್ದಾಗ ಅಜ್ಜನ ಊರಿಗೆ ಹೋದಾಗ ನೋಡಿದ್ದೆ. ನೀರಿನ ಒತ್ತಡಕ್ಕೆ ಎದುರಾಗಿ ಅದನ್ನು ಎತ್ತಲು ಗಟ್ಟಿಮುಟ್ಟಾದ ಗಂಡಸೇ ಬೇಕು. ಐದು ತಿಂಗಳ ಬಸುರಿಯೊಬ್ಬಳು ಒಬ್ಬಳೇ ಎತ್ತಿದಳೆಂದು ಆ ಪುಸ್ತಕ ಹೇಳುತ್ತದೆ.

"ಏನು ಮೇಡಂ, ಆ ಬಯಲಲ್ಲಿ ಗಂಡಸರೆಲ್ಲ ಸಾಧುಗಳಾಗಿದ್ರಾ?" ಅಂದೆ.

ಕೈತೊಳಿ ಮೇಡಂ ಮೊದಲ ಸಲ ನಕ್ಕರು. "ಗೇಣಿ ಗಂಡಸಿನ ಹೆಸರಲ್ಲಿ ಇರ್ತಿತ್ತು. ಗೇಣಿದಾರನಿಗೆ ನೀರು ಕದ್ದ ಶಿಕ್ಷೆ ಆದ್ರೆ ಜಮೀನು ವಾಪಸ್ ತಗೋತಿದ್ರು. ಹೆಂಡತಿಗೆ ಆದ್ರೆ ಜಮೀನಿಗೇನೂ ಆಗ್ತಿರಲಿಲ್ಲ. ಗಂಡ ಹಲಗೆ ಎತ್ತೋನು, ಹೆಂಡತಿ ಹೋಗಿ ಒಪ್ಕೊಳ್ಳೋಳು."

"ಕಾವಲುಗಾರನಿಗೆ ಗೊತ್ತಿರಲಿಲ್ವಾ?"

"ಎಲ್ಲರಿಗೂ ಗೊತ್ತಿತ್ತು. ಪುಸ್ತಕ ಸರಿ ಇದ್ರೆ ಸಾಕಲ್ಲ."

ಬುದ್ಧಿವಂತ ಜನ. ಆ ಹೆಂಗಸರೆಲ್ಲ ಕಟಕಟೆಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತಾರೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಅಂದುಕೊಂಡೆ. ರಾತ್ರಿ ಊಟ ಸೇರಲಿಲ್ಲ.

ಮಾರ್ಚ್ 21, ಶುಕ್ರವಾರ

ಬೇಕರಿಯವನು ಇವತ್ತು ಬೆಳಿಗ್ಗೆ ತೀರಿಕೊಂಡ. ಕೊನೆಗೂ ಪ್ರಜ್ಞೆ ಬರಲಿಲ್ಲವಂತೆ.

ಮಾರ್ಚ್ 23, ಭಾನುವಾರ

ತಮ್ಮ ಬಂದಿದ್ದ. ಕೂರಲಿಲ್ಲ, ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿದ. ಈಗ ದಂಡದಲ್ಲಿ ಮುಗಿಯುವುದಿಲ್ಲ, ಸೆರೆಯಾಗಬಹುದು ಎಂದು ವಕೀಲರು ಹೇಳಿದ್ದಾರೆ. "ಹೆಚ್ಚೆಂದ್ರೆ ಒಂದು ವರ್ಷ ಅಕ್ಕಾ. ಒಳ್ಳೆ ನಡತೆ ಅಂತ ಬೇಗ ಬಿಡ್ತಾರೆ. ಅಮ್ಮನ್ನ ನಾವು ನೋಡ್ಕೋತೀವಿ. ನಿಂಗೆ ಅಂತ ಯಾರಿದ್ದಾರೆ ಹೇಳು, ಕಾಯೋರು?"

ಅವನು ಅದನ್ನು ಕ್ರೌರ್ಯದಿಂದ ಹೇಳಲಿಲ್ಲ. ಲೆಕ್ಕ ಹಾಕಿ ಹೇಳಿದ. ಲೆಕ್ಕ ಸರಿಯಾಗಿಯೇ ಇದೆ. ಅವನು ಹೋದಮೇಲೆ ನಾನು ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಲಂಗದ ಅಂಚನ್ನು ಎರಡು ಸಲ ತಪ್ಪು ಹೊಲಿದು ಎರಡು ಸಲ ಬಿಚ್ಚಿದೆ.

ಮಾರ್ಚ್ 25, ಮಂಗಳವಾರ

ಸತ್ತವನ ಮನೆಗೆ ಹೋಗಿಬಂದೆ. ಹೋಗಬೇಡ ಎಂದು ತಮ್ಮ ಹೇಳಿದ್ದ. ಹೋಗದಿದ್ದರೆ ಹೇಗೆ? ನಾನೇ ತಾನೇ ಗುದ್ದಿದವಳು.

ಬೇಕರಿಯ ಮೇಲಿನ ಒಂದೇ ಕೋಣೆ. ಕೆಳಗಿನ ಒಲೆಯ ಕಾವಿಗೆ ನೆಲ ಬೆಚ್ಚಗಿದೆ. ಹೆಂಡತಿ ನನಗಿಂತ ಚಿಕ್ಕವಳು. ಕುರ್ಚಿ ತೋರಿಸಿದಳು, ನೀರು ಕೊಟ್ಟಳು. ಬೈಯುತ್ತಾಳೆ ಎಂದು ನಾನು ಗಟ್ಟಿಮನಸ್ಸು ಮಾಡಿಕೊಂಡು ಹೋಗಿದ್ದೆ. ಅವಳು ಬೈಯಲಿಲ್ಲ.

"ನಿಮ್ಮ ತಮ್ಮ ಬಂದಿದ್ರು. ಹಣ್ಣು ಕೊಟ್ಟು ಹೋದ್ರು. ನಿಧಾನಕ್ಕೆ ಹೋಗು ಅಂತ ಎಷ್ಟು ಹೇಳಿದ್ರೂ ನೀವು ಕೇಳಲಿಲ್ವಂತೆ" ಅಂದಳು. ಆಮೇಲೆ, "ನೀವು ಮುಂದೆ ಇದ್ರಲ್ಲ, ನೋಡಿರ್ತೀರ. ಅವರು ನಿಮ್ಮನ್ನ ನೋಡಿದ್ರಾ? ಹೆದರಿದ ಹಾಗಿತ್ತಾ? ಇಲ್ಲ, ಗೊತ್ತೇ ಆಗಲಿಲ್ವಾ ಅವರಿಗೆ? ಅದೊಂದು ಹೇಳಿ ಸಾಕು" ಅಂದಳು.

ನಾನು ಏನು ಹೇಳಲಿ? ನಾನು ನೋಡಿಲ್ಲ. ನೋಡಿದ್ದರೆ ತಮ್ಮ ನೋಡಿರಬೇಕು, ಅವನೂ ಫೋನು ನೋಡುತ್ತಿದ್ದ. "ನಂಗೆ ಗೊತ್ತಿಲ್ಲಮ್ಮ" ಅಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, "ಇಷ್ಟನ್ನೂ ಹೇಳಲ್ವಾ ನೀವು" ಅಂದಳು. ಬಾಗಿಲವರೆಗೂ ಬರಲಿಲ್ಲ.

ಸುಳ್ಳು ಹೇಳಿದರೆ ನನಗೆ ಮಾತ್ರ ನಷ್ಟ ಎಂದುಕೊಂಡಿದ್ದೆ. ಆ ಹೆಂಗಸು ಜೀವನಪೂರ್ತಿ ಕೇಳಿಕೊಳ್ಳುವ ಪ್ರಶ್ನೆಯನ್ನು ತಪ್ಪು ವ್ಯಕ್ತಿಯ ಹತ್ತಿರ ಕೇಳಿದಳು. 

ಮಾರ್ಚ್ 27, ಗುರುವಾರ

ಜೈಲಿನ ಪುಸ್ತಕ. ಅಜ್ಜಿ ಒಳಗೆ ಹೋದಾಗ "ಜೊತೆಗೆ ಹಾಲು ಕುಡಿಯುವ ಗಂಡು ಮಗು" ಎಂದು ಬರೆದಿದ್ದಾರೆ. ಅವಳ ಮೈಮೇಲಿನ ಬಟ್ಟೆ, ಕೂದಲಿನ ಬಣ್ಣ, ಎಡಗೈಯ ಮೇಲೆ ಕುಡುಗೋಲಿನ ಹಳೆ ಗಾಯ, ಎಲ್ಲ ಬರೆದಿದ್ದಾರೆ. ಅಜ್ಜಿಯ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಅವಳು ಗಿಡ್ಡಗಿದ್ದಳು, ಮುಂದಿನ ಒಂದು ಹಲ್ಲು ಮುರಿದಿತ್ತು ಎಂದು ನನಗೆ ತಿಳಿದದ್ದು ಜೈಲರನ ದಯೆಯಿಂದ.

ಎರಡು ತಿಂಗಳ ನಂತರದ ಸಾಲು: ಮಗು ಭೇದಿಯಿಂದ ಸತ್ತಿದೆ.

ಶಿಕ್ಷೆ ಮುಗಿದ ದಿನ ಬಿಡುಗಡೆ ಎಂದು ಇನ್ನೊಂದು ಸಾಲು. ಅಂದರೆ ಮಗುವನ್ನು ಎತ್ತಿಕೊಂಡು ಯಾರ ಜೊತೆಗೂ ಓಡಿಹೋಗಿಲ್ಲ. ಬರಿಗೈಯಲ್ಲಿ ಹೊರಗೆ ಬಂದಿದ್ದಾಳೆ.

ಕೈತೊಳಿ ಮೇಡಂ ನನ್ನ ಮುಂದೆ ಒಂದು ಲೋಟ ಟೀ ಇಟ್ಟರು. ಪುಸ್ತಕದ ಪಕ್ಕದಲ್ಲೇ! ನಾನು ಅವರ ಮುಖ ನೋಡಿದೆ. "ಕುಡೀರಿ, ಹುಷಾರಾಗಿ" ಅಂದರು. ನಾನು ಅಳುತ್ತಿದ್ದೆ ಎಂದು ಆಗ ಗೊತ್ತಾಯಿತು.

ಏಪ್ರಿಲ್ 1, ಮಂಗಳವಾರ

ಇವತ್ತು ಎರಡು ಕಾಗದ ಓದಿದೆ. ಯಾವುದನ್ನು ಮೊದಲು ಬರೆಯಲಿ?

ಅಜ್ಜಿ ಜೈಲಿನಲ್ಲಿದ್ದಾಗಲೇ ಅಜ್ಜ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾನೆ. ಕಾರಣ ಎಂಬಲ್ಲಿ "ಹೆಂಡತಿ ಕಳ್ಳತನಕ್ಕಾಗಿ ಶಿಕ್ಷೆಗೊಳಗಾದವಳು" ಎಂದಿದೆ. ಅವನ ಹೊಲಕ್ಕೆ, ಅವನು ಎತ್ತಿದ ಹಲಗೆಗೆ, ಅವನ ಗೇಣಿ ಉಳಿಯಲಿ ಎಂದು ಅವಳು ಒಪ್ಪಿಕೊಂಡ ಶಿಕ್ಷೆ ಅದು. ಅದನ್ನೇ ಕಾರಣ ಮಾಡಿ ಅವಳನ್ನು ಬಿಟ್ಟ. "ಪ್ರತಿವಾದಿ ಸೆರೆಯಲ್ಲಿರುವುದರಿಂದ ಹಾಜರಿಲ್ಲ." ಒಂದೇ ದಿನದಲ್ಲಿ ತೀರ್ಪಾಗಿದೆ. ಮುಂದಿನ ಮನೆಗಣತಿಯಲ್ಲಿ ಹೆಂಡತಿಯ ಸಾಲಿನಲ್ಲಿ ಬೇರೆ ಹೆಸರು, ವಯಸ್ಸು ಇಪ್ಪತ್ತು. ನಾವು ಅಜ್ಜಿ ಎಂದು ಕರೆಯುತ್ತಿದ್ದವಳು ಅವಳೇ. ಅಜ್ಜ ನನಗೆ ಪೆಪ್ಪರಮೆಂಟು ಕೊಡುತ್ತಿದ್ದ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಈಗ ಅವನ ಮೇಲೆ ಎಂಥ ಸಿಟ್ಟು ಬರುತ್ತಿದೆ ಎಂದರೆ, ಸತ್ತವನ ಕಾಲರ್ ಹಿಡಿಯಲು ಆಗುವುದಿಲ್ಲವಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೇನೆ.

ಎರಡನೆಯದು ನೀರು ಕದ್ದ ಮೂರನೇ ಮೊಕದ್ದಮೆಯ ಕಡತ. ಆ ಸಲ ಕಾವಲುಗಾರ ಹಟ ಹಿಡಿದಿದ್ದಾನೆ, ತಾನು ನೋಡಿದ್ದು ಗಂಡಸನ್ನು ಎಂದು. ಅದಕ್ಕೆ ಸಾಕ್ಷಿ ಕರೆಸಿದ್ದಾರೆ. "ನಮ್ಮ ಅಮ್ಮ ಹಲಗೆ ಎತ್ತಿದ್ದನ್ನು ನಾನು ನೋಡಿದೆ. ಅಪ್ಪ ಮನೆಯಲ್ಲಿ ಮಲಗಿದ್ದರು." ಸಾಕ್ಷಿ ಹೇಳಿದವರು: ಆರೋಪಿಯ ಮಗಳು, ವಯಸ್ಸು ಏಳು.

ಅಮ್ಮ.

ಏಪ್ರಿಲ್ 2, ಬುಧವಾರ

ಹೇಳಬಾರದು ಎಂದುಕೊಂಡಿದ್ದೆ. ಹೇಳಿಬಿಟ್ಟೆ. ಮಧ್ಯಾಹ್ನ ಅವಳ ಉಗುರು ಕತ್ತರಿಸುತ್ತಿದ್ದಾಗ "ಸಿಕ್ತಾ?" ಅಂದಳು, ನಾನು ಎಲ್ಲವನ್ನೂ ಓದಿ ಹೇಳಿದೆ. ಮಗು, ಅರ್ಜಿ, ಸಾಕ್ಷಿ. ಕೊನೆಯದಾಗಿ ಮರಣದ ಪುಸ್ತಕದಿಂದ ಬರೆದುಕೊಂಡು ಬಂದದ್ದು: ಕಾಲುವೆಯ ಆಚೆ ದಡದ ತೋಟದಲ್ಲಿ ಕಳೆ ಕೀಳುವ ಕೂಲಿ, ಮೂವತ್ತೊಂಬತ್ತು ವರ್ಷ, ಶ್ವಾಸಕೋಶದ ಕಾಯಿಲೆ. ಸಂಬಂಧಿಕರು ಎಂಬಲ್ಲಿ ಅಡ್ಡಗೆರೆ.

 ಅಮ್ಮ ಸೂರು ನೋಡುತ್ತಾ ಹೇಳಿದಳು.

"ಅವಳೇ ಹೇಳ್ಕೊಟ್ಟಿದ್ದು. ತಲೆ ಬಾಚ್ತಾ ಬಾಚ್ತಾ. ಏನ್ ಹೇಳ್ತೀಯ? ಅಮ್ಮ ಎತ್ತಿದ್ಲು. ಅಪ್ಪ ಎಲ್ಲಿದ್ರು? ಮಲಗಿದ್ರು. ತಪ್ಪಿದ್ರೆ ಜಡೆ ಎಳೆಯೋಳು. ಮೊದಲಿಂದ ಹೇಳು ಅನ್ನೋಳು. ಕೋರ್ಟಲ್ಲಿ ನಾನು ತಪ್ಪಿಲ್ದೆ ಹೇಳ್ದೆ. ಎಲ್ಲರ ಮುಂದೆ ನನ್ನ ನೋಡಿ ನಕ್ಲು. ಆಮೇಲೆ ಕರ್ಕೊಂಡು ಹೋದ್ರು."

"ನಿಂಗೆ ಏಳು ವರ್ಷ ಅಮ್ಮ. ನೀನೇನು ಮಾಡ್ತಿದ್ದೆ?"

"ಆಚೆ ದಡ ಅಂದ್ಯಲ್ಲ. ಆಚೆ ದಡದಲ್ಲಿ ಒಬ್ಬಳು ಬಂದು ನಿಲ್ತಿದ್ಲು. ನಾನು ಪಾತ್ರೆ ತೊಳೆಯೋಕೆ ಕಾಲುವೆಗೆ ಹೋದಾಗ. ಕೂಗ್ತಿರಲಿಲ್ಲ, ಸುಮ್ನೆ ನಿಲ್ತಿದ್ಲು. ಅವಳು ಜೈಲಿನವಳು, ಮಾತಾಡಿಸಿದ್ರೆ ನಿನ್ನನ್ನೂ ಒಯ್ತಾರೆ ಅಂತ ಅಪ್ಪ ಹೇಳಿದ್ರು. ನಾನು ಕಲ್ಲು ಎಸೆದೆ ಕಣೇ. ಒಂದಿನ ಅಲ್ಲ."

"ಯಾರು ಅಂತ ಗೊತ್ತಿತ್ತಾ?"

"ಗೊತ್ತಿಲ್ದೆ ಏನು" ಅಂದಳು ಅಮ್ಮ. ಇನ್ನೊಂದು ಕೈಯ ಉಗುರು ಕತ್ತರಿಸಲು ಬಿಡಲಿಲ್ಲ.

ಏಪ್ರಿಲ್ 4, ಶುಕ್ರವಾರ

ಎರಡು ಜಿಪ್ಪು, ಒಂದು ಪರದೆ. ಪರದೆಯವಳು ಹೇಳಿದ ದಿನಕ್ಕೆ ಬರುವುದೇ ಇಲ್ಲ.

ಬಟ್ಟೆ ತಲುಪಿಸಿ ಬರುವಾಗ ದಾರಿಯಲ್ಲೇ ಠಾಣೆ ಇತ್ತು, ಒಳಗೆ ಹೋಗಿ ಕಾರು ಓಡಿಸಿದ್ದು ನಾನಲ್ಲ ಎಂದು ಹೇಳಿಬಂದೆ. ಕೆಮ್ಮಿನ ಸಾಹೇಬರಿಗೆ ಕೆಮ್ಮು ನಿಂತುಹೋಯಿತು. "ಇದೇನಮ್ಮ ಮಕ್ಕಳಾಟ ಅಂದ್ಕೊಂಡ್ರಾ? ಮೊದಲು ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?" ಮೊದಲು ಹೇಳಿದ್ದು ಅಂದೆ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೆ ಕೇಸು ಹಾಕಬಹುದು ಅಂದರು. ಹಾಕಿ ಅಂದೆ. ಮನೆಗೆ ಹೋಗುವ ಆತುರವಿತ್ತು, ಪರದೆಗೆ ಇನ್ನೂ ಕೊಂಡಿ ಹೊಲಿಯಬೇಕಿತ್ತು.

ತಮ್ಮನದು ಒಂದು ಮಾತು, ನನ್ನದು ಒಂದು ಮಾತು. ಕಾರಿನಲ್ಲಿ ಇನ್ನೊಬ್ಬರಿದ್ದದ್ದು ಅಮ್ಮ. ಬುಧವಾರ ಮನೆಗೇ ಬಂದು ಅಮ್ಮನನ್ನು ಕೇಳುತ್ತಾರಂತೆ. ಅವಳು ಹೇಳಿದಂತೆ ಕೇಸು ನಡೆಯುತ್ತದೆ.

ಏಪ್ರಿಲ್ 7, ಸೋಮವಾರ

ತಮ್ಮ ಮೂರು ದಿನದಿಂದ ಅಮ್ಮನ ಕೋಣೆಯಲ್ಲೇ ಇದ್ದಾನೆ. ಬಸ್ಸಿನ ಕೆಲಸಕ್ಕೆ ರಜೆ ಹಾಕಿದ್ದಾನೆ. ಅವನೇ ಮಾತ್ರೆ ಕೊಡುತ್ತಾನೆ, ಅವನೇ ದಿಂಬು ಸರಿ ಮಾಡುತ್ತಾನೆ. ಬಾಗಿಲು ಮುಚ್ಚಿಕೊಂಡಿರುತ್ತಾರೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಇವತ್ತು ಮಾತ್ರ ತಡೆಯಲಾರದೆ ಕೂಗಾಡಿದ. "ಒಡಹುಟ್ಟಿದೋಳು ಮಾಡೋ ಕೆಲಸಾನಾ ಇದು? ಒಪ್ಕೊಂಡಿದ್ದೆ ತಾನೆ ನೀನು! ನಾನೇನು ನಿನ್ನ ಕುತ್ತಿಗೆ ಹಿಡಿದು ಹೇಳಿಸಿದ್ನಾ?"

ಅವನು ಹೇಳಿದ್ದು ನಿಜ. ಕುತ್ತಿಗೆ ಹಿಡಿದಿರಲಿಲ್ಲ, ಮೊಣಕೈ ಹಿಡಿದಿದ್ದ. "ಅವಳ ಹೆಂಡತಿ ಹತ್ರ ಹೋಗಿ ಹಣ್ಣು ಕೊಟ್ಯಲ್ಲ. ಅವಳ ಗಂಡ ಹೆದರಿದ್ನಾ ಇಲ್ವಾ ಅಂತ ಹೇಳಿಬಾ ಹೋಗು" ಅಂದೆ. ಸಿಟ್ಟಿನಲ್ಲಿ ಮಾತು ಅಡ್ಡಾದಿಡ್ಡಿಯಾಗಿ ಬಂತು. ಆದರೂ ಅವನಿಗೆ ತಿಳಿಯಿತು, ಅಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಸಂಜೆ ಅಮ್ಮ ನನ್ನನ್ನು ಕರೆದಳು. "ಅವನಿಗೆ ಎರಡು ಮಕ್ಕಳು" ಅಂದಳು.

"ಗೊತ್ತಮ್ಮ."

"ಅವನ ಕೆಲಸ ಹೋಗುತ್ತೆ. ಜೈಲಿಗೂ ಹೋಗ್ತಾನೆ. ನೀನು ಹೋದ್ರೆ..." ಅಲ್ಲಿಗೇ ನಿಲ್ಲಿಸಿದಳು. ನಾನು ಕಾದೆ. ಅವಳು ಮುಂದೆ ಹೇಳಲಿಲ್ಲ. ನಾನೂ ಹೀಗೆ ಹೇಳು ಎಂದು ಹೇಳಿಕೊಡಲಿಲ್ಲ. ಹೇಳಿಕೊಡಲು ಬಾಯಿ ಬರಲಿಲ್ಲ, ಬೇಕೆಂದರೂ ಬರುತ್ತಿರಲಿಲ್ಲ. ಹಾಸಿಗೆಯ ಹೊದಿಕೆ ಬದಲಾಯಿಸಿ ಹೊರಗೆ ಬಂದೆ.

ಅವಳು ನನ್ನ ಹೆಸರು ಹೇಳುತ್ತಾಳೆ ಎಂದೇ ನನ್ನ ಎಣಿಕೆ. ಹುಟ್ಟಿದಾಗಿನಿಂದ ಅವನ ಕಡೆಗೇ ಇದ್ದವಳು. ಭಯವಾಗುತ್ತಿದೆ. ಒಪ್ಪಿಕೊಂಡಾಗ ಆಗದ ಭಯ ಈಗ ಆಗುತ್ತಿದೆ. ಜೈಲಿನಲ್ಲಿ ಹೊಲಿಗೆ ಯಂತ್ರ ಇರುತ್ತದೆಯೋ ಇಲ್ಲವೋ.

ಏಪ್ರಿಲ್ 9, ಬುಧವಾರ

ಸಾಹೇಬರು ಬೆಳಿಗ್ಗೆ ಬಂದರು, ಜೊತೆಗೆ ಬರೆದುಕೊಳ್ಳುವ ಒಬ್ಬರು. ನನ್ನ ಹೊಲಿಗೆ ಸ್ಟೂಲನ್ನು ಅಮ್ಮನ ಮಂಚದ ಪಕ್ಕ ಹಾಕಿಕೊಟ್ಟೆ. ತಮ್ಮ ಕಿಟಕಿಯ ಹತ್ತಿರ ನಿಂತಿದ್ದ, ನಾನು ಬಾಗಿಲ ಹತ್ತಿರ. ಇಬ್ಬರೂ ಹೊರಗಿರಿ ಎಂದು ಸಾಹೇಬರು ಹೇಳಿದರು. ಅಮ್ಮ, "ಇರ್ಲಿ. ಇಬ್ರೂ ಕೇಳ್ಲಿ" ಅಂದಳು.

ತಮ್ಮ ಅಮ್ಮನನ್ನೇ ನೋಡುತ್ತಿದ್ದ. ನೋಡಿ ನಕ್ಕ ಕೂಡ. ಧೈರ್ಯ ಹೇಳುವ ನಗು. ಅಮ್ಮ ಅವನ ನಗುವನ್ನು ನೋಡಿದಳು, ಅವಳ ಮುಖದ ಬಣ್ಣವೇ ಹೋಯಿತು. ಉಸಿರು ಕಟ್ಟಿತೇನೋ ಎಂದು ನಾನು ಓಡಿಹೋಗಿ ನೀರು ಹಿಡಿದೆ. ಅವಳು ಲೋಟವನ್ನು ಪಕ್ಕಕ್ಕೆ ತಳ್ಳಿದಳು.

"ಅಜ್ಜಿ, ಅವತ್ತು ಕಾರು ಯಾರು ಓಡಿಸ್ತಿದ್ರು?" ಸಾಹೇಬರು ಕೇಳಿದರು.

ಅಮ್ಮ ಉತ್ತರ ಕೊಡಲಿಲ್ಲ. ಮತ್ತೆ ಕೇಳಿದರು. ಇಷ್ಟು ವರ್ಷ ಆಕೆಯ ಜೊತೆ ಇದ್ದೇನೆ, ಅವಳು ಮಾತು ಹುಡುಕಿದ್ದನ್ನು ನಾನು ನೋಡಿರಲಿಲ್ಲ.

"ನಂಗೆ ಎದೆ ನೋವಿತ್ತು" ಅಂದಳು. "ಕೂರೋಕೆ ಆಗ್ತಿರಲಿಲ್ಲ. ಹಿಂದಿನ ಸೀಟಲ್ಲಿ ಮಲಗಿದ್ದೆ. ನನ್ನ ತಲೆ ಇವಳ ತೊಡೆ ಮೇಲಿತ್ತು."

ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. ಸಾಹೇಬರು ಬಹಳ ಮೆಲ್ಲಗೆ, "ಮಗಳ ತೊಡೆ ಮೇಲೆ?" ಅಂದರು.

"ಮಗಳ ತೊಡೆ ಮೇಲೆ. ಕಾರು ಗುದ್ದೋವರೆಗೂ ಹಣೆ ಸವರ್ತಿದ್ಲು" ಅಂದಳು ಅಮ್ಮ. "ಮಗನ ಹೆಸರು ನನ್ನ ಬಾಯಲ್ಲಿ ಹೇಳಿಸಬೇಡಿ. ಇಷ್ಟು ಬರ್ಕೊಳ್ಳಿ ಸಾಕು."

ತಮ್ಮ "ಅಮ್ಮಾ" ಅಂದ. ಸಣ್ಣ ಹುಡುಗನಾಗಿದ್ದಾಗಿನ ದನಿ. ಅವಳು ಅವನ ಕಡೆ ನೋಡಲಿಲ್ಲ. ಸಾಹೇಬರು ಎದ್ದು ಅವನ ಭುಜದ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದರು. ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಇನ್ನೊಬ್ಬರು ಉಳಿದರು. ಅವಳಿಗೆ ಸಹಿ ಬರುತ್ತದೆ, ಕೈ ಮಾತ್ರ ನಿಲ್ಲಲಿಲ್ಲ.

ಅವರೆಲ್ಲ ಹೋದಮೇಲೆ ನಾನು ಮಂಚದ ತುದಿಯಲ್ಲಿ ಕೂತು ಅವಳ ಬೆರಳಿನ ಮಸಿ ಒರೆಸಲು ಹೋದೆ. ಕೈ ಎಳೆದುಕೊಂಡಳು.

"ನನ್ನ ಮುಟ್ಟಬೇಡ" ಅಂದಳು. "ಇವತ್ತು ನಾನು ಮಗನ್ನ ಕಳ್ಕೊಂಡೆ. ನಿನಗೋಸ್ಕರ ಹೇಳ್ದೆ ಅಂತ ತಿಳ್ಕೋಬೇಡ."

ತಿಳಿದುಕೊಳ್ಳುವುದಿಲ್ಲ ಅಂದೆ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಬೇಕರಿಯ ಮೇಲಿನ ಕೋಣೆಗೆ ಹೋಗಿ ಆ ಹೆಂಗಸಿಗೆ ನಿಜ ಹೇಳಿದೆ. ಅವಳು ಬೈದಳು, ಇಡೀ ಬೀದಿಗೆ ಕೇಳುವಂತೆ. ಬೈಯಲಿ.

ತಮ್ಮನ ಹೆಂಡತಿ ಬಂದು ಅಂಗಳದಲ್ಲಿ ನಿಂತು ಇನ್ನು ಈ ಮನೆಗೂ ನಮಗೂ ಋಣ ತೀರಿತು ಎಂದು ಹೇಳಿ ಹೋದಳು. ಅಮ್ಮನಿಗೆ ಕೇಳಿಸಿದೆ. ಮಧ್ಯಾಹ್ನ ತಟ್ಟೆ ತಂದಿಟ್ಟೆ, ಅವಳು ಗೋಡೆಯ ಕಡೆ ತಿರುಗಿಕೊಂಡೇ ಇದ್ದಳು. ತುತ್ತು ಕಲಸಿ ಬಾಯ ಹತ್ತಿರ ಹಿಡಿದೆ. ಬೇಡ ಅಂದಳು. ಇನ್ನೊಂದು ಸಲ ಕೇಳಿದೆ. ಬೇಡ ಅಂದಳು.

ನನಗೆ ಹಸಿವಾಗಿತ್ತು. ಅವಳ ಪಕ್ಕದಲ್ಲೇ ಕೂತು ಉಂಡೆ.